ಬಂಡೆಯ ಮೇಲೆ ಕಟ್ಟಿದವನು: ಜಾನ್ ಸ್ಮೀಟನ್

ಅಭ್ಯಾಸ ಬೋಧನೆಯ ಎರಡನೆಯ ಸುತ್ತಿನಲ್ಲಿ ಎಂಟನೆಯ ತರಗತಿಯ ‘ಬಲ ಮತ್ತು ಒತ್ತಡ’ ಘಟಕ ನನ್ನ ಪಾಲಿಗೆ ಬಂತು. ಪೀಠಿಕೆಗೆ ಒಂದು ಕಥೆ ಬೇಕಿತ್ತು. ಸಮುದ್ರದ ನಡುವಿನ ಬಂಡೆಯ ಮೇಲೆ ದೀಪಸ್ತಂಭ ಕಟ್ಟಿದ ಜಾನ್ ಸ್ಮೀಟನ್‌ನ ಕಥೆಯನ್ನು ಪಾಠ ಯೋಜನೆಯಲ್ಲಿ ಬರೆದುಕೊಂಡು ಹೋದೆ. ಎರಡು ದೀಪಸ್ತಂಭಗಳು ಹಾಳಾದವು, ಮೂರನೆಯದನ್ನು ಸ್ಮೀಟನ್ ಕಟ್ಟಿದ, ಅದು ಬೀಳಲೇ ಇಲ್ಲ. ಆರು ನಿಮಿಷದಲ್ಲಿ ನಾನು ಹೇಳಿದ್ದು ಇಷ್ಟೇ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, ಅದು ಈಗಲೂ ಅಲ್ಲೇ ಇದೆಯಾ ಎಂದು ಕೇಳಿದಳು. ಇಲ್ಲ, ಬಿಚ್ಚಿ ದಡಕ್ಕೆ ತಂದರು ಎಂದೆ. ಬೀಳದೆ ನಿಂತಿದ್ದ ಕಟ್ಟಡವನ್ನು ಯಾಕೆ ಬಿಚ್ಚಿದರು ಎಂದು ಮತ್ತೆ ಕೇಳಿದಳು. ಹಳೆಯದಾಗಿತ್ತು ಎಂದುಬಿಟ್ಟು ಕಪ್ಪು ಹಲಗೆಯ ಕಡೆ ತಿರುಗಿದೆ. ನನಗೆ ಉತ್ತರ ಗೊತ್ತಿರಲಿಲ್ಲ. ಹಿಂದೆ ಕುಳಿತು ಪಾಠ ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಆ ಪ್ರಶ್ನೆಯನ್ನು ಬರೆದು ಅದರ ಕೆಳಗೆ ಒಂದು ಗೆರೆ ಎಳೆದಿದ್ದರು. ಪಕ್ಕದಲ್ಲಿ ಷರಾ ಏನೂ ಇರಲಿಲ್ಲ.

ಆ ಗೆರೆಯ ಕಾರಣಕ್ಕೆ ನಾನು ಮತ್ತೆ ಕುಳಿತು ಓದಿಕೊಂಡ ಜೀವನ ಇದು.

ಸ್ಮೀಟನ್ ಹುಟ್ಟಿದ್ದು 1724ರ ಜೂನ್ 8ರಂದು, ಉತ್ತರ ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಹತ್ತಿರದ ಆಸ್ಥಾರ್ಪ್ ಎಂಬಲ್ಲಿ. ತಂದೆ ವಕೀಲರು. ಮಗನೂ ಅದೇ ವೃತ್ತಿಗೆ ಬರಬೇಕೆಂಬುದು ಅವರ ಆಸೆ. ಮಗನ ಕೈ ಮಾತ್ರ ಚಿಕ್ಕಂದಿನಿಂದಲೂ ಉಳಿ, ಸುತ್ತಿಗೆ, ಅರಗಳ ಮೇಲೆಯೇ. ಹತ್ತಿರದ ಕಲ್ಲಿದ್ದಲ ಗಣಿಯಲ್ಲಿ ನೀರೆತ್ತುವ ಯಂತ್ರವನ್ನು ನೋಡಿ ಬಂದು, ಮನೆಯಲ್ಲಿ ಅದರ ಪುಟ್ಟ ಮಾದರಿ ಮಾಡಿ, ತೋಟದ ಕೊಳದ ನೀರನ್ನೆಲ್ಲ ಖಾಲಿ ಮಾಡಿದನಂತೆ. ಕೊಳದಲ್ಲಿದ್ದ ಮೀನುಗಳೆಲ್ಲ ಸತ್ತವಂತೆ. ಈ ಕಥೆಯನ್ನು ಅವನ ಜೀವನ ಚರಿತ್ರೆಕಾರರು ಹೇಳುತ್ತಾ ಬಂದಿದ್ದಾರೆ. ಎಷ್ಟು ನಿಜವೋ, ಮಕ್ಕಳಿಗೆ ಮಾತ್ರ ಬಹಳ ಇಷ್ಟವಾಗುತ್ತದೆ.

1742ರಲ್ಲಿ ತಂದೆ ಅವನನ್ನು ಕಾನೂನು ಕಲಿಯಲು ಲಂಡನ್ನಿಗೆ ಕಳಿಸಿದರು. ಅಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಕೊನೆಗೆ ತಂದೆಯೇ ಮನಸ್ಸು ಬದಲಿಸಿ ಅನುಮತಿ ಕೊಟ್ಟರು. ಸ್ಮೀಟನ್ ವೈಜ್ಞಾನಿಕ ಉಪಕರಣಗಳನ್ನು ತಯಾರಿಸುವವನಾದ. ಹಡಗಿನ ದಿಕ್ಸೂಚಿ, ಗಾಳಿ ಹೀರುವ ಪಂಪು, ಲೋಹ ಬಿಸಿಗೆ ಎಷ್ಟು ಹಿಗ್ಗುತ್ತದೆ ಎಂದು ಅಳೆಯುವ ಸಾಧನ, ಹೀಗೆ. 1753ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಸಿಕ್ಕಿತು. ಆಗ ಅವನ ವಯಸ್ಸು 28. ಆ ವರ್ಷಗಳಲ್ಲೇ ನೀರಿನ ಚಕ್ರಗಳ ಮಾದರಿ ಮಾಡಿ, ನೀರು ಮೇಲಿನಿಂದ ಬಿದ್ದರೆ ಎಷ್ಟು ಕೆಲಸ, ಕೆಳಗಿನಿಂದ ತಳ್ಳಿದರೆ ಎಷ್ಟು ಕೆಲಸ ಎಂದು ಒಂದೊಂದಾಗಿ ಅಳೆದ. ಒಂದೇ ಪ್ರಮಾಣದ ನೀರು, ಒಂದೇ ಎತ್ತರವಾದರೆ ಮೇಲಿನಿಂದ ನೀರು ಬೀಳುವ ಚಕ್ರ ಸರಾಸರಿ ಎರಡರಷ್ಟು ಕೆಲಸ ಮಾಡುತ್ತದೆ ಎಂದು ಕಂಡುಕೊಂಡ. ಈ ಪ್ರಯೋಗಗಳ ಪ್ರಬಂಧಕ್ಕೆ 1759ರಲ್ಲಿ ಸೊಸೈಟಿಯ ಕಾಪ್ಲಿ ಪದಕ ಬಂತು. ಅದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ದೊಡ್ಡದನ್ನು ಕಟ್ಟುವ ಮೊದಲು ಚಿಕ್ಕದನ್ನು ಮಾಡಿ ನೋಡುವುದು ಅವನ ಅಭ್ಯಾಸವಾಗಿತ್ತು. ಅವನು ಗಾರೆ ಕೆಲಸದವರ ಮನೆಯಿಂದ ಬಂದವನಲ್ಲ, ಕಲ್ಲು ಕೆತ್ತಿ ಕಲಿತವನೂ ಅಲ್ಲ. ಅಳೆಯುವುದನ್ನು ಕಲಿತಿದ್ದ.

ಈಗ ಬಂಡೆಗೆ ಬರೋಣ. ಇಂಗ್ಲೆಂಡಿನ ತೆಂಕಣ ಕರಾವಳಿಯಲ್ಲಿ ಪ್ಲಿಮತ್ ಎಂಬ ಬಂದರು ಇದೆ. ಅಲ್ಲಿಂದ ಸುಮಾರು 14 ಮೈಲಿ ಸಮುದ್ರದೊಳಗೆ ಎಡ್ಡಿಸ್ಟೋನ್ ಬಂಡೆಗಳು. ಉಬ್ಬರದಲ್ಲಿ ಬಹುಪಾಲು ಮುಳುಗಿ, ಇಳಿತದಲ್ಲಿ ತಲೆ ಎತ್ತುತ್ತವೆ. ರಾತ್ರಿ ಹೊತ್ತು ಬರುವ ಹಡಗಿಗೆ ಅವು ಕಾಣುವುದು ತಳ ಸೀಳಿದ ಮೇಲೆಯೇ. ನಮ್ಮ ಉಡುಪಿ ಕಡೆಯ ಕಾಪು ದೀಪಸ್ತಂಭವೂ ಬಂಡೆಯ ಮೇಲಿದೆ, ಆದರೆ ಅಲ್ಲಿಗೆ ಮರಳಿನ ಮೇಲೆ ನಡೆದುಕೊಂಡೇ ಹೋಗಬಹುದು. ಎಡ್ಡಿಸ್ಟೋನ್‌ನಲ್ಲಿ ದೋಣಿಯಿಂದ ಇಳಿಯಲಿಕ್ಕೇ ಒಳ್ಳೆಯ ದಿನಕ್ಕಾಗಿ ಕಾಯಬೇಕು.

ಅಲ್ಲಿ ಮೊದಲ ದೀಪಸ್ತಂಭವನ್ನು ಕಟ್ಟಿದವನು ಹೆನ್ರಿ ವಿನ್‌ಸ್ಟಾನ್ಲಿ. 1698ರಲ್ಲಿ ಅದರ ದೀಪ ಬೆಳಗಿತು. ಅದು ಅಲಂಕಾರ ಜಾಸ್ತಿಯಾದ ಕಟ್ಟಡ. ಎಂಥ ಬಿರುಗಾಳಿ ಬಂದರೂ ತಾನು ಅದರೊಳಗೇ ಇರಬೇಕೆಂದು ವಿನ್‌ಸ್ಟಾನ್ಲಿ ಬಯಸುತ್ತಿದ್ದನಂತೆ. 1703ರ ನವೆಂಬರಿನಲ್ಲಿ ಇಂಗ್ಲೆಂಡ್ ಕಂಡ ಮಹಾ ಬಿರುಗಾಳಿಯ ರಾತ್ರಿ ಅವನು ಅಲ್ಲೇ ಇದ್ದ. ಬೆಳಗಾಗುವಷ್ಟರಲ್ಲಿ ದೀಪಸ್ತಂಭವೂ ಇರಲಿಲ್ಲ, ಅವನೂ ಇರಲಿಲ್ಲ. ಎರಡನೆಯದನ್ನು ಕಟ್ಟಿಸಿದವನು ಜಾನ್ ರಡ್ಯರ್ಡ್ ಎಂಬ ರೇಷ್ಮೆ ವ್ಯಾಪಾರಿ. ಅಲಂಕಾರವನ್ನೆಲ್ಲ ಬಿಟ್ಟು, ಹಡಗಿನ ಹಾಗೆ ಮರದ ಹಲಗೆ ಜೋಡಿಸಿ, ಒಳಗೆ ಕಲ್ಲಿನ ಭಾರ ತುಂಬಿ, ನುಣುಪಾದ ಶಂಕುವಿನ ಆಕಾರ ಕೊಟ್ಟಿದ್ದ. ಅದು ಹತ್ತಿರ ಹತ್ತಿರ 47 ವರ್ಷ ಸಮುದ್ರವನ್ನು ತಾಳಿಕೊಂಡಿತು. 1755ರ ಡಿಸೆಂಬರಿನಲ್ಲಿ ತುದಿಯ ದೀಪದ ಕೋಣೆಗೆ ಬೆಂಕಿ ಹತ್ತಿ ಇಡೀ ಸ್ತಂಭ ಸುಟ್ಟುಹೋಯಿತು. ಕಾವಲಿನವರಲ್ಲಿ ಹೆನ್ರಿ ಹಾಲ್ ಎಂಬ 94 ವರ್ಷದ ಮುದುಕನಿದ್ದ. ಬಕೆಟ್ಟಿನಲ್ಲಿ ನೀರೆರಚುತ್ತಾ ಮೇಲೆ ನೋಡುವಾಗ ಚಾವಣಿಯ ಸೀಸ ಕರಗಿ ಅವನ ಬಾಯೊಳಗೆ ಬಿತ್ತು. ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಹನ್ನೆರಡು ದಿನದ ಮೇಲೆ ಸತ್ತಾಗ ವೈದ್ಯರು ಹೊಟ್ಟೆಯಿಂದ ಸುಮಾರು 200 ಗ್ರಾಂ ಸೀಸದ ಗಟ್ಟಿಯನ್ನು ತೆಗೆದರು. ಆ ಸೀಸದ ಗಟ್ಟಿ ಇಂದಿಗೂ ಸ್ಕಾಟ್ಲೆಂಡಿನ ಸಂಗ್ರಹಾಲಯದಲ್ಲಿದೆ.

ಒಂದು ಗಾಳಿಗೆ ಹೋಯಿತು, ಒಂದು ಬೆಂಕಿಗೆ ಹೋಯಿತು. ಮೂರನೆಯದನ್ನು ಕಟ್ಟಲು ಯೋಗ್ಯ ವ್ಯಕ್ತಿ ಯಾರೆಂದು ಮಾಲೀಕರು ರಾಯಲ್ ಸೊಸೈಟಿಯ ಅಧ್ಯಕ್ಷರನ್ನು ಕೇಳಿದಾಗ ಅವರು ಸೂಚಿಸಿದ್ದು ಸ್ಮೀಟನ್‌ನ ಹೆಸರನ್ನು. ಅವನಿಗಾಗ 31 ವರ್ಷ. ಕಾಲುವೆ, ಬಂದರುಗಳನ್ನು ನೋಡಿಕೊಂಡು ಬರಲು ಅದೇ ವರ್ಷ ಹಾಲೆಂಡಿನ ಕಡೆ ಸುತ್ತಾಡಿ ಬಂದಿದ್ದನಾದರೂ ಸಮುದ್ರದೊಳಗೆ ಏನನ್ನೂ ಕಟ್ಟಿದವನಲ್ಲ. 1756ರಲ್ಲಿ ಪ್ಲಿಮತ್‌ಗೆ ಹೋಗಿ ಬಂಡೆಯ ಹತ್ತಿರ ದೋಣಿ ಒಯ್ದಾಗ ಮೊದಲ ಸಲ ಇಳಿಯಲಿಕ್ಕೂ ಆಗಲಿಲ್ಲ. ಆಮೇಲೆ ಇಳಿದು ಬಂಡೆಯನ್ನು ಅಳೆದ. ಹಳೆಯ ಕಟ್ಟಡಗಳ ಕಬ್ಬಿಣದ ಕೊಂಡಿಗಳು ಎಲ್ಲಿ ಉಳಿದಿವೆ, ಎಲ್ಲಿ ಸಡಿಲವಾಗಿವೆ ಎಂದು ನೋಡಿದ. ಸೋತವರ ಕೆಲಸವನ್ನು ಅವನು ಓದಿದ ಬಗೆ ನನಗೆ ಬಹಳ ಹಿಡಿಸಿತು. ಮೊದಲಿನವರು ತಪ್ಪು ಮಾಡಿದರು ಎಂದು ಅವನು ತಳ್ಳಿಹಾಕಲಿಲ್ಲ. ರಡ್ಯರ್ಡ್‌ನ ನುಣುಪಾದ ದುಂಡನೆಯ ಆಕಾರ ಸರಿಯಾಗಿತ್ತು, ಅದನ್ನು ಉಳಿಸಿಕೊಂಡ. ಮರ ಸುಡುತ್ತದೆ, ಹಗುರ ಕೂಡ, ಅದನ್ನು ಬಿಟ್ಟ.

ಕಲ್ಲೇ ಬೇಕು ಎಂದು ಅವನು ಹೇಳಿದಾಗ ಒಪ್ಪದವರು ಬಹಳ ಜನ ಇದ್ದರು. ಮರವಾದರೆ ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಕಲ್ಲು ಬಾಗದೆ ಮುರಿಯುತ್ತದೆ ಎಂಬುದು ಅವರ ವಾದ. ಮೇಲ್ನೋಟಕ್ಕೆ ಸರಿಯಾದ ವಾದವೇ. ಸ್ಮೀಟನ್‌ನ ಲೆಕ್ಕ ಬೇರೆ. ಅಲೆ ಕಟ್ಟಡವನ್ನು ಬುಡಮೇಲು ಮಾಡಬೇಕಾದರೆ ಅದರ ಭಾರವನ್ನು ಎತ್ತಬೇಕು. ಭಾರ ಹೆಚ್ಚಿದಷ್ಟೂ, ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ಅಲೆಗೆ ಕೆಲಸ ಕಷ್ಟ. ದೊಡ್ಡ ಓಕ್ ಮರವನ್ನು ಅವನು ಉದಾಹರಣೆಯಾಗಿ ಇಟ್ಟುಕೊಂಡ. ಬುಡದಲ್ಲಿ ಹರಡಿ, ಮೇಲೇರುತ್ತಾ ಬಾಗುಗೆರೆಯಲ್ಲಿ ಸಪೂರವಾಗುವ ಕಾಂಡ. ನಮ್ಮ ಮಕ್ಕಳು ಓಕ್ ನೋಡಿಲ್ಲ. ತರಗತಿಯಲ್ಲಿ ನಾನು ಆಟದ ಮೈದಾನದ ಅಂಚಿನ ಹುಣಸೆ ಮರದ ಬುಡವನ್ನು ತೋರಿಸಿದೆ, ಬೇಗ ಅರ್ಥವಾಯಿತು.

ಆದರೆ ಕಟ್ಟಡ ಒಟ್ಟಾಗಿ ಭಾರವಿದ್ದರೆ ಸಾಲದು. ಅಲೆ ಒಂದೊಂದೇ ಕಲ್ಲನ್ನು ಕಿತ್ತುಕೊಂಡು ಹೋಗಬಹುದು. ಅದೂ ಕಟ್ಟುತ್ತಿರುವಾಗ. ಬಂಡೆಯ ಮೇಲೆ ಕೆಲಸಕ್ಕೆ ಸಿಗುತ್ತಿದ್ದದ್ದು ಇಳಿತದ ಕೆಲವೇ ಗಂಟೆಗಳು, ಅದೂ ಬೇಸಿಗೆಯಲ್ಲಿ ಮಾತ್ರ. ಆಮೇಲೆ ನೀರು ಬಂದು ಎಲ್ಲವನ್ನೂ ಮುಚ್ಚುತ್ತಿತ್ತು. ಹಾಗಾಗಿ ಇಟ್ಟ ಪ್ರತಿ ಕಲ್ಲೂ ಇಟ್ಟ ಗಳಿಗೆಯಿಂದಲೇ ತನ್ನನ್ನು ತಾನು ಹಿಡಿದುಕೊಳ್ಳಬೇಕಿತ್ತು. ಸ್ಮೀಟನ್ ಮಾಡಿದ್ದು ಹೀಗೆ. ಬಡಗಿಗಳು ಪೆಟ್ಟಿಗೆಯ ಮೂಲೆ ಕೂಡಿಸುವಾಗ ಪಾರಿವಾಳದ ಬಾಲದ ಆಕಾರದಲ್ಲಿ ಕಚ್ಚು ಮಾಡುತ್ತಾರಲ್ಲ, ಅದೇ ಕಚ್ಚನ್ನು ಕಲ್ಲಿಗೆ ತಂದ. ಒಂದು ಸಾಲಿನ ಪ್ರತಿಯೊಂದು ಕಲ್ಲೂ ಪಕ್ಕದ ಕಲ್ಲಿಗೆ ಕಚ್ಚಿಕೊಂಡಿತ್ತು. ಒಂದನ್ನು ಪಕ್ಕಕ್ಕೆ ಎಳೆಯಬೇಕಾದರೆ ಇಡೀ ಸಾಲನ್ನೇ ಎಳೆಯಬೇಕು. ಕೆಳಗಿನ ಸಾಲಿನ ಮೇಲೆ ಮೇಲಿನ ಸಾಲು ಜಾರದಂತೆ ನಡುವೆ ಅಮೃತಶಿಲೆಯ ಗಟ್ಟಿಗಳನ್ನು ಅರ್ಧ ಅಲ್ಲಿ ಅರ್ಧ ಇಲ್ಲಿ ಹುದುಗಿಸಿದ. ಗಾರೆ ಗಟ್ಟಿಯಾಗುವವರೆಗೆ ಕಲ್ಲು ಕದಲದಿರಲೆಂದು ಓಕ್ ಮರದ ಗೂಟಗಳನ್ನು ಹೊಡೆಸಿದ. ತೀರ ಕೆಳಗಿನ ಸಾಲುಗಳಿಗೆ ಇಳಿಜಾರಿನ ಬಂಡೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲಿನ ಕಚ್ಚುಗಳನ್ನು ಬಂಡೆಯೊಳಗೇ ಕೂರಿಸಿದ. ಕಟ್ಟಡ ಎಲ್ಲಿ ಮುಗಿಯುತ್ತದೆ, ಬಂಡೆ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದ ಹಾಗೆ. ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಹೊರಮೈಗೆ ಹತ್ತಿರದ ಕಾರ್ನ್‌ವಾಲಿನ ಗ್ರಾನೈಟ್, ಒಳಗೆ ಕೆತ್ತಲು ಸುಲಭವಾದ ಪೋರ್ಟ್‌ಲೆಂಡ್ ಕಲ್ಲು. ಕಠಿಣವಾದದ್ದನ್ನು ಅಲೆ ಬಡಿಯುವ ಕಡೆ ಮಾತ್ರ ಬಳಸಿದ.

ಇನ್ನು ಗಾರೆ. ನನ್ನ ಮಟ್ಟಿಗೆ ಈ ಜೀವನದ ಅತಿ ದೊಡ್ಡ ಅಧ್ಯಾಯ ಇದೇ, ಆದರೂ ಮಕ್ಕಳ ಪುಸ್ತಕಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಸಾಮಾನ್ಯ ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯಲ್ಲಿರುವ ಕಾರ್ಬನ್ ಡೈ ಆಕ್ಸೈಡನ್ನು ಹೀರಿಕೊಂಡು. ದಿನಕ್ಕೆ ಎರಡು ಸಲ ಸಮುದ್ರ ಮುಚ್ಚುವ ಕಡೆ ಅದು ಗಟ್ಟಿಯಾಗುವ ಮೊದಲೇ ತೊಳೆದು ಹೋಗುತ್ತದೆ. ಸ್ಮೀಟನ್ ಬೇರೆ ಬೇರೆ ಊರಿನ ಸುಣ್ಣಕಲ್ಲು ತರಿಸಿ, ಸುಟ್ಟು, ಸುಣ್ಣ ಮಾಡಿ, ಚಿಕ್ಕ ಚಿಕ್ಕ ಉಂಡೆ ಕಟ್ಟಿ ನೀರಿಗೆ ಹಾಕಿ ಕಾದ. ಗಟ್ಟಿ ಕಲ್ಲಿನ ಸುಣ್ಣವೇ ಗಟ್ಟಿಯಾಗುತ್ತದೆ ಎಂಬುದು ಅಂದಿನ ನಂಬಿಕೆ. ಅಮೃತಶಿಲೆಯಂಥ ಕಲ್ಲಿನ ಸುಣ್ಣ ಮೇಲು, ಸೀಮೆಸುಣ್ಣದಂಥ ಮೆತ್ತನೆಯ ಕಲ್ಲಿನದು ಕೀಳು. ಅವನ ಉಂಡೆಗಳು ಬೇರೆಯದೇ ಹೇಳಿದವು. ಕಲ್ಲಿನ ಗಟ್ಟಿತನಕ್ಕೂ ಗಾರೆಯ ಗಟ್ಟಿತನಕ್ಕೂ ಸಂಬಂಧವಿರಲಿಲ್ಲ. ವೇಲ್ಸ್ ಕರಾವಳಿಯ ಅಬರ್‌ಥಾ ಎಂಬಲ್ಲಿನ ಸುಣ್ಣ ನೀರೊಳಗೇ ಗಟ್ಟಿಯಾಯಿತು.

ಕಾರಣ ಏನು? ಪ್ಲಿಮತ್‌ನಲ್ಲಿ ಅವನು ಉಳಿದುಕೊಂಡಿದ್ದು ವಿಲಿಯಂ ಕುಕ್‌ವರ್ದಿ ಎಂಬ ರಸಾಯನ ತಿಳಿದವರ ಮನೆಯಲ್ಲಿ. ಸುಣ್ಣಕಲ್ಲನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ನೋಡುವ ವಿಧಾನವನ್ನು ಅವರಿಂದ ಕಲಿತ. ಶುದ್ಧ ಕಲ್ಲು ಪೂರ್ತಿ ಕರಗಿತು. ಅಬರ್‌ಥಾ ಕಲ್ಲು ಕರಗಿದ ಮೇಲೆ ಪಾತ್ರೆಯ ತಳದಲ್ಲಿ ಜೇಡಿಮಣ್ಣು ಉಳಿಯಿತು. ಯಾವುದನ್ನು ಜನ ಕಲ್ಮಶ ಎಂದು ಬಿಸಾಡುತ್ತಿದ್ದರೋ ಅದೇ ನೀರಿನಲ್ಲಿ ಗಾರೆಯನ್ನು ಹಿಡಿಯುತ್ತಿತ್ತು. ಇಂದು ನಾವು ಅದನ್ನು ಜೇಡಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾ ಸುಣ್ಣದೊಡನೆ ಸೇರುವ ಕ್ರಿಯೆ ಎಂದು ವಿವರಿಸುತ್ತೇವೆ. ಸ್ಮೀಟನ್‌ಗೆ ಈ ಹೆಸರುಗಳು ಗೊತ್ತಿರಲಿಲ್ಲ, ಪಾತ್ರೆಯ ತಳ ಕಂಡಿತ್ತು. ಅಬರ್‌ಥಾ ಸುಣ್ಣಕ್ಕೆ ಇಟಲಿಯ ಚಿವಿಟವೆಕ್ಕಿಯದಿಂದ ಬಂದ ಪೊಜೊಲಾನ ಎಂಬ ಜ್ವಾಲಾಮುಖಿಯ ಮಣ್ಣನ್ನು ಸಮಪಾಲು ಬೆರೆಸಿ ತನ್ನ ಗಾರೆ ಮಾಡಿಕೊಂಡ. 1824ರಲ್ಲಿ ಲೀಡ್ಸ್‌ನವನೇ ಆದ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಸುಣ್ಣಕಲ್ಲು ಮತ್ತು ಜೇಡಿ ಜೊತೆಯಾಗಿ ಸುಟ್ಟರೆ ಏನಾಗುತ್ತದೆ ಎಂಬ ಹಾದಿಯ ಆರಂಭದಲ್ಲಿ ನಿಂತಿರುವವನು ಸ್ಮೀಟನ್.

ನಮ್ಮ ಹಳೆಯ ಮೇಸ್ತ್ರಿಗಳಿಗೆ ಈ ಗುಟ್ಟು ಬೇರೆ ದಾರಿಯಿಂದ ತಿಳಿದಿತ್ತು. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ ಮಾಡುವ ಕೆಲಸವೂ ಇದೇ. ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ವಿಶ್ವೇಶ್ವರಯ್ಯನವರ ಪಾಠ ಮಾಡುವಾಗ ನಾವು ಅಣೆಕಟ್ಟೆಯ ಎತ್ತರ, ಉದ್ದ ಹೇಳುತ್ತೇವೆ. ಕಲ್ಲಿಗೂ ಕಲ್ಲಿಗೂ ನಡುವೆ ಏನಿದೆ ಎಂದು ಹೇಳುವುದಿಲ್ಲ. ಬಾಳಿಕೆ ಬರುವ ಕಟ್ಟಡಗಳ ಬಗ್ಗೆ ಈಗ ‘ಸುಸ್ಥಿರ’ ಎಂಬ ಪದವನ್ನು ಪ್ರಬಂಧಗಳಲ್ಲಿ ಧಾರಾಳವಾಗಿ ಬರೆಯುತ್ತೇವೆ. ಪ್ರತಿ ನೆರೆಗೂ ಪ್ರತಿ ಗಾಳಿಗೂ ಬಿದ್ದು ಮತ್ತೆ ಕಟ್ಟಬೇಕಾದ ಕಟ್ಟಡಕ್ಕೆ ಎಷ್ಟು ಸಲ ಕಲ್ಲು ಒಡೆಯಬೇಕು, ಎಷ್ಟು ಸಲ ಸುಣ್ಣ ಸುಡಬೇಕು ಎಂದು ಲೆಕ್ಕ ಹಾಕಿದರೆ ವಿಪತ್ತು ತಾಳುವ ಗುಣ ಮತ್ತು ಸುಸ್ಥಿರತೆ ಬೇರೆ ಬೇರೆ ಪಾಠಗಳಲ್ಲ ಎಂದು ಮಕ್ಕಳೇ ಹೇಳುತ್ತಾರೆ. ನಾನು ಈ ಲೆಕ್ಕವನ್ನು ಗುಂಪು ಚಟುವಟಿಕೆಯಾಗಿ ಮಾಡಿಸಿದೆ, ಚೆನ್ನಾಗಿ ನಡೆಯಿತು.

ಬಂಡೆ ಕಡಿಯುವ ಕೆಲಸ 1756ರ ಆಗಸ್ಟಿನಲ್ಲಿ ಶುರುವಾಯಿತು. ಕೆಲಸಗಾರರಲ್ಲಿ ಕಾರ್ನ್‌ವಾಲಿನ ತವರ ಗಣಿಯವರಿದ್ದರು. ಆಗ ನೌಕಾಪಡೆಗೆ ಜನ ಸಾಲದೆ ಕರಾವಳಿಯ ಗಂಡಸರನ್ನು ಹಿಡಿದೊಯ್ಯುತ್ತಿದ್ದರು. ಇವರು ದೀಪಸ್ತಂಭದ ಕೆಲಸದವರು, ಮುಟ್ಟಬೇಡಿ ಎಂದು ತೋರಿಸಲು ಪ್ರತಿಯೊಬ್ಬನಿಗೂ ಒಂದು ಪದಕ ಮಾಡಿಸಿಕೊಡಬೇಕಾಯಿತು. ಪ್ಲಿಮತ್‌ನ ಅಂಗಳದಲ್ಲಿ ಕಲ್ಲುಗಳನ್ನು ಕೆತ್ತಿ, ಒಂದೊಂದು ಸಾಲನ್ನೂ ನೆಲದ ಮೇಲೆ ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ ದೋಣಿಗೆ ಏರಿಸುತ್ತಿದ್ದರು. ಸಮುದ್ರದ ನಡುವೆ ಹೋಗಿ ಕಲ್ಲು ಕೂರಲಿಲ್ಲ ಎನ್ನುವ ಹಾಗಿರಲಿಲ್ಲ. ಮೊದಲ ಕಲ್ಲನ್ನು 1757ರ ಜೂನ್ 12ರಂದು ಇಟ್ಟರು. ತೂಕ ಎರಡೂಕಾಲು ಟನ್. ಸ್ಮೀಟನ್ ದಡದಲ್ಲಿ ಕುಳಿತು ನಕ್ಷೆ ಕಳಿಸುವವನಾಗಿರಲಿಲ್ಲ. ಒಮ್ಮೆ ಬಂಡೆಯ ಮೇಲೆ ಬಿದ್ದು ಹೆಬ್ಬೆರಳು ಕೀಲು ತಪ್ಪಿದಾಗ, ವೈದ್ಯರು ಸಿಗಬೇಕಾದರೆ 14 ಮೈಲಿ ಹೋಗಬೇಕಲ್ಲ ಎಂದು ತಾನೇ ಎಳೆದು ಕೂರಿಸಿಕೊಂಡ. ಸಾಲಿನ ಮೇಲೆ ಸಾಲು ಏರಿತು. ಕೆಳಭಾಗವೆಲ್ಲ ಟೊಳ್ಳಿಲ್ಲದ ಘನ ಕಲ್ಲು, ಮೇಲೆ ಕೋಣೆಗಳು. ಕಮಾನಿನ ನೆಲ ಗೋಡೆಯನ್ನು ಹೊರಕ್ಕೆ ತಳ್ಳದಂತೆ ಸುತ್ತಲೂ ಕಬ್ಬಿಣದ ಸರಪಳಿ ಹುದುಗಿಸಿ ಸೀಸ ಹೊಯ್ದರು. 1759ರ ಅಕ್ಟೋಬರ್ 16ರ ರಾತ್ರಿ ದೀಪ ಬೆಳಗಿತು. ಎಷ್ಟು ದೊಡ್ಡ ದೀಪ ಎಂದುಕೊಂಡಿರಿ? 24 ಮೇಣದಬತ್ತಿಗಳು.

ಮೂರು ವರ್ಷ ಕಳೆಯುವ ಮೊದಲೇ ಪರೀಕ್ಷೆ ಬಂತು. 1762ರ ಜನವರಿಯ ಬಿರುಗಾಳಿ ಪ್ಲಿಮತ್ ಬಂದರಿನಲ್ಲೇ ಹಾನಿ ಮಾಡಿತು. ಬೆಳಗ್ಗೆ ದೂರದರ್ಶಕ ಹಿಡಿದು ನೋಡಿದವರಿಗೆ ದೀಪಸ್ತಂಭ ಹಾಗೇ ನಿಂತಿರುವುದು ಕಂಡಿತು. ಮೊದಲ ಪಾಠದಲ್ಲಿ ನಾನು ಕಥೆ ನಿಲ್ಲಿಸಿದ್ದು ಇಲ್ಲಿ.

ಮುಂದಿನ ಇಪ್ಪತ್ತು ವರ್ಷಗಳನ್ನು ಬೇಗ ಹೇಳಿಬಿಡಬಹುದು, ಕೆಲಸದ ಪಟ್ಟಿಯೇ ಅಷ್ಟುದ್ದ ಇದೆ. ಸ್ಕಾಟ್ಲೆಂಡಿನ ಫೋರ್ತ್ ಮತ್ತು ಕ್ಲೈಡ್ ಕಾಲುವೆ, ಪರ್ತ್, ಕೋಲ್ಡ್‌ಸ್ಟ್ರೀಮ್, ಬ್ಯಾನ್ಫ್ ಸೇತುವೆಗಳು, ರಾಮ್ಸ್‌ಗೇಟ್ ಬಂದರು, ಗಿರಣಿಗಳು, ಉಗಿಯಂತ್ರಗಳು. ಆ ಮೂರು ಸೇತುವೆಗಳ ಮೇಲೆ ಇಂದೂ ವಾಹನ ಓಡಾಡುತ್ತಿವೆ. ಅಲ್ಲಿಯವರೆಗೆ ಎಂಜಿನಿಯರ್ ಎಂದರೆ ಸೈನ್ಯದವನು. ಸೈನ್ಯಕ್ಕಲ್ಲದೆ ಜನರಿಗಾಗಿ ಕಟ್ಟುವವನು ಎಂಬ ಅರ್ಥದಲ್ಲಿ ತನ್ನನ್ನು ಸಿವಿಲ್ ಎಂಜಿನಿಯರ್ ಎಂದು ಕರೆದುಕೊಂಡವರಲ್ಲಿ ಅವನೇ ಮೊದಲಿಗ. 1771ರಲ್ಲಿ ಆ ವೃತ್ತಿಯವರ ಒಂದು ಸಂಘವೂ ಆಯಿತು. 1756ರಲ್ಲೇ ಮದುವೆಯಾಗಿತ್ತು, ಇಬ್ಬರು ಹೆಣ್ಣುಮಕ್ಕಳು ಬೆಳೆದರು. ಆಸ್ಥಾರ್ಪ್‌ನ ಮನೆಯ ಹತ್ತಿರ ಚೌಕಾಕಾರದ ಒಂದು ಗೋಪುರ ಕಟ್ಟಿಸಿಕೊಂಡಿದ್ದ. ಕೆಳಗೆ ಕುಲುಮೆ, ಅದರ ಮೇಲೆ ಕಡೆಯುವ ಯಂತ್ರ, ಅದರ ಮೇಲೆ ಮಾದರಿಗಳು, ಅದರ ಮೇಲೆ ಓದುವ ಕೋಣೆ. ಅವನು ಮೇಲೆ ಹೋದರೆ ಯಾರೂ ಕರೆಯುವಂತಿರಲಿಲ್ಲ ಎಂದು ಮಗಳು ಬರೆದಿಟ್ಟಿದ್ದಾಳೆ.

ಬಿ.ಎಸ್ಸಿ. ಓದಿದವರಿಗೆ ಒಂದು ಮಾತು. ಗಾಳಿಯ ವೇಗದಿಂದ ಒತ್ತಡವನ್ನು ಲೆಕ್ಕ ಹಾಕುವ ಸ್ಥಿರಾಂಕವೊಂದು ಸ್ಮೀಟನ್‌ನ ಹೆಸರಿನಲ್ಲೇ ಇತ್ತು, ಬೆಲೆ 0.005. ಒಂದೂವರೆ ಶತಮಾನ ಎಲ್ಲರೂ ಅದನ್ನೇ ಬಳಸಿದರು. ರೈಟ್ ಸಹೋದರರ ಗ್ಲೈಡರ್ ಲೆಕ್ಕದಷ್ಟು ಮೇಲೇಳದಿದ್ದಾಗ ಅವರೇ ಅಳೆದು ನೋಡಿ, ಅದು ಸುಮಾರು 0.0033 ಇರಬೇಕೆಂದು ಕಂಡುಕೊಂಡರು. ಅಂದರೆ ಅವನ ಹೆಸರಿನ ಅಂಕಿಯೇ ತಪ್ಪಾಗಿತ್ತು. ಕಟ್ಟಡ ಕಟ್ಟುವವನಿಗೆ ಇದು ಸುರಕ್ಷಿತ ತಪ್ಪು, ಗಾಳಿಯನ್ನು ಇರುವುದಕ್ಕಿಂತ ಬಲವಾಗಿ ತೋರಿಸುತ್ತದೆ. ಹಾರುವವನಿಗೆ ಮಾತ್ರ ಅಪಾಯ.

ಸುರಕ್ಷಿತವಲ್ಲದ ತಪ್ಪು ಹೆಕ್ಸಮ್‌ನಲ್ಲಿ ಆಯಿತು. ಉತ್ತರ ಇಂಗ್ಲೆಂಡಿನ ಟೈನ್ ನದಿ ಹೆಕ್ಸಮ್ ಎಂಬ ಊರಿನ ಬಳಿ ಸಡಿಲವಾದ ಜಲ್ಲಿಕಲ್ಲಿನ ತಳದ ಮೇಲೆ ಹರಿಯುತ್ತದೆ. ಅಲ್ಲಿ ಹೊಸದಾಗಿ ಕಟ್ಟಿದ್ದ ಸೇತುವೆಯೊಂದು 1771ರ ಮಹಾಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಆಮೇಲೆ ಸ್ಮೀಟನ್‌ಗೆ ಕೆಲಸ ಬಂತು. ಒಂಬತ್ತು ಕಮಾನುಗಳ ಸೇತುವೆ, 1780ರಲ್ಲಿ ಮುಗಿಯಿತು. ಕಂಬಗಳ ಬುಡದ ಸುತ್ತ ತಳ ಕೊರೆಯದಂತೆ ಕಲ್ಲು ತುಂಬಿಸಿದ್ದ. 1782ರ ಮಾರ್ಚ್ 11ರಂದು ಗಾಳಿ, ಮಳೆ, ಕರಗಿದ ಹಿಮ ಎಲ್ಲ ಸೇರಿ ನದಿ ಏರಿತು. ಸೇತುವೆಯ ಮೇಲ್ದಿಕ್ಕಿನಲ್ಲಿ ನೀರಿನ ಮಟ್ಟ ಕೆಳದಿಕ್ಕಿನದಕ್ಕಿಂತ ಬಹಳ ಮೇಲೆ ನಿಂತಿತು. ಆ ವ್ಯತ್ಯಾಸವೇ ಕಮಾನುಗಳ ಕೆಳಗೆ ನೀರಿಗೆ ಭಯಂಕರ ವೇಗ ಕೊಟ್ಟಿತು. ನೀರು ಕಂಬವನ್ನು ತಳ್ಳಲಿಲ್ಲ. ಕಂಬದ ಕೆಳಗಿನ ಜಲ್ಲಿಯನ್ನು ತೊಳೆದುಕೊಂಡು ಹೋಯಿತು. ಕಲ್ಲಿನ ಕೆಲಸದಲ್ಲಿ ದೋಷವಿರಲಿಲ್ಲ. ಸೇತುವೆ ಬಿತ್ತು.

ತನ್ನ ಕೆಲಸಗಳಲ್ಲಿ ಹೀಗೆ ಬಿದ್ದದ್ದು ಇದೇ ಮೊದಲು ಎಂದು ಅವನು ನೊಂದುಕೊಂಡ. ಗಾಳಿಗೆ, ಸಮುದ್ರಕ್ಕೆ ಅಲ್ಲಾಡದ್ದನ್ನು ಕಟ್ಟಿದವನ ಹೆಸರು ಒಂದು ಸಾಧಾರಣ ನದಿಯಲ್ಲಿ ಮುಳುಗಿತು. ನನಗೆ ಈ ಭಾಗ ಓದುವಾಗ ನನ್ನ ಆರು ನಿಮಿಷದ ಕಥೆ ನೆನಪಾಗಿ ನಾಚಿಕೆಯಾಯಿತು. ಎಡ್ಡಿಸ್ಟೋನ್‌ನ ಗೆಲುವನ್ನು ಹೇಳಿ ಹೆಕ್ಸಮ್ ಬಿಟ್ಟರೆ ಮಕ್ಕಳಿಗೆ ಸಿಗುವುದು ಒಬ್ಬ ಜಾಣನ ಕಥೆ ಮಾತ್ರ. ನೆಲ ಎಂಬ ಇನ್ನೊಂದು ಪಾತ್ರ ಬಿಟ್ಟುಹೋಗುತ್ತದೆ. ಅಲ್ಲಿ 1793ರಲ್ಲಿ ಮತ್ತೆ ಕಟ್ಟಿದ ಸೇತುವೆ ಇಂದಿಗೂ ನಿಂತಿದೆ. ಅದನ್ನು ನೋಡಲು ಸ್ಮೀಟನ್ ಬದುಕಿರಲಿಲ್ಲ.

ಕೊನೆಯ ವರ್ಷಗಳನ್ನು ಅವನು ಎಡ್ಡಿಸ್ಟೋನ್ ಬಗ್ಗೆ ಪುಸ್ತಕ ಬರೆಯಲು ಬಳಸಿದ. 1791ರಲ್ಲಿ ಅದು ಅಚ್ಚಾಯಿತು. ಕಟ್ಟುವುದಕ್ಕಿಂತ ಬರೆಯುವುದೇ ಕಷ್ಟವಾಯಿತು ಎಂದು ಅವನಿಗೆ ಅನ್ನಿಸಿತ್ತಂತೆ. ದಾಖಲೆ ಪುಸ್ತಕ ಬರೆಯುವ ನಾವೆಲ್ಲ ಇದನ್ನು ಒಪ್ಪುತ್ತೇವೆ. ತಾನು ಮಾಡಿದ ಪ್ರಯೋಗ, ಗಾರೆಯ ಉಂಡೆ, ಕೆಟ್ಟ ದಿನ ಎಲ್ಲವನ್ನೂ ಅದರಲ್ಲಿ ಇಟ್ಟ. 1792ರ ಸೆಪ್ಟೆಂಬರಿನಲ್ಲಿ ತೋಟದಲ್ಲಿ ಅಡ್ಡಾಡುತ್ತಿದ್ದಾಗ ಲಕ್ವ ಹೊಡೆಯಿತು. ಅಕ್ಟೋಬರ್ 28ರಂದು ಆಸ್ಥಾರ್ಪ್‌ನಲ್ಲೇ ತೀರಿಕೊಂಡ. ಹತ್ತಿರದ ವಿಟ್‌ಕರ್ಕ್ ಚರ್ಚಿನಲ್ಲಿ ಅವನ ಸಮಾಧಿ ಇದೆ.

ಈಗ ಆ ಹುಡುಗಿಯ ಪ್ರಶ್ನೆ. ದೀಪಸ್ತಂಭ 120 ವರ್ಷಕ್ಕೂ ಮೇಲೆ ಕೆಲಸ ಮಾಡಿತು. ಕಚ್ಚುಗಳು ಬಿಡಲಿಲ್ಲ, ಗಾರೆ ಕರಗಲಿಲ್ಲ. 1870ರ ದಶಕದ ಹೊತ್ತಿಗೆ ದೊಡ್ಡ ಅಲೆ ಬಡಿದಾಗ ಇಡೀ ಸ್ತಂಭ ನಡುಗುತ್ತಿತ್ತು. ಪರೀಕ್ಷಿಸಿದಾಗ ತಿಳಿಯಿತು: ಕೆಳಗಿನ ಬಂಡೆಯನ್ನು ಸಮುದ್ರ ಕೊರೆದು ಗವಿ ಮಾಡಿತ್ತು. ಸ್ಮೀಟನ್ ಕಟ್ಟಡವನ್ನು ಬಂಡೆಯ ಭಾಗವಾಗಿಯೇ ಮಾಡಿದ್ದ. ಬಂಡೆ ಸವೆದಾಗ ಕಟ್ಟಡಕ್ಕೆ ಬೇರೆ ದಾರಿ ಇರಲಿಲ್ಲ.

ಜೇಮ್ಸ್ ಡಗ್ಲಸ್ ಪಕ್ಕದ ಬಂಡೆಯ ಮೇಲೆ ಹೊಸ ದೀಪಸ್ತಂಭ ಕಟ್ಟಿದ, 1882ರಲ್ಲಿ ಅದು ಬೆಳಗಿತು. ಅವನೂ ಹಿಂದಿನವನನ್ನು ಓದಿಯೇ ಕಟ್ಟಿದ. ಸ್ಮೀಟನ್‌ನ ಬಾಗುಗೆರೆಯ ಬುಡದ ಮೇಲೆ ಅಲೆಗಳು ಹತ್ತಿಕೊಂಡು ಮೇಲಿನವರೆಗೆ ಏರುತ್ತಿದ್ದವು. ಅದನ್ನು ಕಂಡು ಡಗ್ಲಸ್ ಬುಡಕ್ಕೆ ನೆಟ್ಟನೆಯ ಘನ ಸಿಲಿಂಡರ್ ಇಟ್ಟ. ಮರದ ಕಾಂಡದ ಹೋಲಿಕೆ ಭಾರದ ವಿಷಯದಲ್ಲಿ ಸರಿ, ಅಲೆಯ ವಿಷಯದಲ್ಲಿ ಪೂರ್ತಿ ಸರಿಯಲ್ಲ ಎಂದಾಯಿತು. ಸ್ಮೀಟನ್‌ನ ಸ್ತಂಭದ ಮೇಲ್ಭಾಗವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಪ್ಲಿಮತ್‌ನ ಸಮುದ್ರ ದಂಡೆಯ ದಿಬ್ಬದ ಮೇಲೆ ಮತ್ತೆ ಜೋಡಿಸಿದರು. ಕಚ್ಚಿನಿಂದ ಕೂಡಿಸಿದ್ದು ಬಿಚ್ಚಿ ಜೋಡಿಸಲಿಕ್ಕೂ ಬಂತು. ಬುಡದ ಘನ ಭಾಗವನ್ನು ಅಲ್ಲೇ ಬಿಟ್ಟರು. ಅದು ಇವತ್ತಿಗೂ ಬಂಡೆಯ ಮೇಲೆ, ಹೊಸ ದೀಪಸ್ತಂಭದ ಪಕ್ಕದಲ್ಲಿ, ಮೋಟಾಗಿ ನಿಂತಿದೆ.

ಮುಂದಿನ ವಾರ ಅದೇ ತರಗತಿಗೆ ಹೋಗಿ, ಹಿಂದಿನ ಸಲ ನಾನು ಕೊಟ್ಟ ಉತ್ತರ ತಪ್ಪು ಎಂದು ಹೇಳಿ ಇದನ್ನೆಲ್ಲ ಹೇಳಿದೆ. ಈ ಸಲ 25 ನಿಮಿಷ ಹಿಡಿಯಿತು, ಸಮಯ ಪಾಲನೆಯ ಅಂಕ ಹೋಯಿತು. ಬಂಡೆಯ ವಿಷಯ ಬಂದಾಗ ಆ ಹುಡುಗಿ ಎದ್ದು, ಕೊಡಗಿನಲ್ಲಿದ್ದ ತನ್ನ ಚಿಕ್ಕಮ್ಮನ ಮನೆಯೂ ಹೀಗೇ ಹೋಯಿತು ಎಂದಳು. 2018ರ ಆಗಸ್ಟಿನ ಮಳೆಯಲ್ಲಿ. ಮನೆ ಹೊಸದು, ಆರ್‌ಸಿಸಿ, ಗೋಡೆಯಲ್ಲಿ ಒಂದು ಬಿರುಕೂ ಇರಲಿಲ್ಲವಂತೆ. ಗುಡ್ಡ ತಗ್ಗಿಸಿ ಮಾಡಿದ ಸಮತಟ್ಟು ಜಾಗ. ಗುಡ್ಡವೇ ಜಾರಿ ಬಂತು. ಚಿಕ್ಕಮ್ಮ ಹಿಂದಿನ ದಿನವೇ ಶಿಬಿರಕ್ಕೆ ಹೋಗಿದ್ದರು. ಮೊದಲ ದಿನ ಅವಳು ಯಾಕೆ ಎರಡು ಸಲ ಕೇಳಿದ್ದಳು ಎಂದು ನನಗೆ ಆಗ ತಿಳಿಯಿತು.

ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಹಿಂದಿನ ಬೆಂಚಿನವರು ಹೋದ ವರ್ಷದ ಪ್ರವಾಸದಲ್ಲಿ ನೋಡಿದ ಕಾಪು ದೀಪಸ್ತಂಭದ ಬಂಡೆ ಹೇಗಿದೆ ಎಂದು ಜಗಳ ಶುರುಮಾಡಿದರು. ಮಾರನೆಯ ದಿನ ವರ್ಗ ಶಿಕ್ಷಕರ ಫೋನಿನಲ್ಲಿದ್ದ ಪ್ರವಾಸದ ಫೋಟೋಗಳನ್ನೆಲ್ಲ ತೆಗೆಸಿ ನೋಡಿದೆವು. ನಲವತ್ತು ಫೋಟೋಗಳಲ್ಲಿ ದೀಪಸ್ತಂಭವೂ ಅದರ ಮುಂದೆ ನಿಂತ ಮಕ್ಕಳೂ ಇದ್ದರು. ಬಂಡೆ ಎರಡರಲ್ಲಿ ಮಾತ್ರ, ಅದೂ ಒಂದು ಮೂಲೆಯಲ್ಲಿ, ಕಾಲುಗಳ ಹಿಂದೆ.